ಕೇಬಲ್ ಕಿತ್ತು ಹಾಕೋ ಮುಂಚೆ

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದು ಮೊಬೈಲ್ ನೋಡಿದೆ. ಹಾಸನ ಜಿಲ್ಲೆಯ ನಮ್ಮೂರಿನಿಂದ ಅಮ್ಮನ ಏಳು ಮಿಸ್ಡ್ ಕಾಲ್. ಎಪ್ಪತ್ತು ದಾಟಿದ ತಾಯಿ ಒಬ್ಬರೇ ಇರುವ ಮನೆಯಿಂದ ರಾತ್ರಿ ಹೊತ್ತು ಏಳು ಕಾಲ್ ಬಂದ್ರೆ ಎದೆ ಹೊಡ್ಕೊಳ್ಳದೆ ಇರುತ್ತಾ? ಅಲ್ಲೇ ಮೆಟ್ಟಿಲ ಮೇಲೆ ನಿಂತು ವಾಪಸ್ ಫೋನ್ ಮಾಡಿದೆ. ಆ ಕಡೆಯಿಂದ ಬಂದಿದ್ದು ಒಂದೇ ಪ್ರಶ್ನೆ. "ಮಗಾ, ಈ ಟೀವೀಲಿ ಚಂದನ ಎಲ್ಲೈತೆ?"

ವಿಷಯ ಇಷ್ಟು. ಹಿಂದಿನ ಭಾನುವಾರ ನಾನೂ ನನ್ನ ತಮ್ಮನೂ ಸೇರಿಕೊಂಡು ಊರಿನ ಮನೆಗೆ ಹೊಸ ಸ್ಮಾರ್ಟ್ ಟೀವಿ ತಗೊಂಡು ಹೋಗಿದ್ವಿ. ಫೈಬರ್ ಇಂಟರ್ನೆಟ್ ಹಾಕಿಸಿದ್ವಿ. "ಇನ್ನು ಕೇಬಲ್ ಯಾಕಮ್ಮಾ, ತಿಂಗಳು ತಿಂಗಳು ದಂಡ" ಅಂತ ಕೇಬಲ್ ಹುಡುಗನನ್ನ ಕರೆಸಿ ಸೆಟ್ ಟಾಪ್ ಬಾಕ್ಸ್ ವಾಪಸ್ ಕೊಟ್ಟು ಕಳಿಸಿದ್ವಿ. ಅಮ್ಮ ಏನೂ ಮಾತಾಡಲಿಲ್ಲ. ಮಾತಾಡಲಿಲ್ಲ ಅಂದ್ರೆ ಒಪ್ಪಿಗೆ ಅಂತ ಮಕ್ಕಳಾದ ನಾವು ತಿಳ್ಕೊಂಡ್ವಿ. ಈಗ ಫೋನಿನಲ್ಲಿ ಹೇಳ್ತಾರೆ, "ಆನ್ ಮಾಡಿದ್ರೆ ಯಾರು ನೋಡ್ತಾ ಇರೋದು ಅಂತ ಕೇಳ್ತೈತೆ ಕಣಪ್ಪ. ನಿಮ್ಮಿಬ್ಬರ ಹೆಸರೂ ಐತೆ. ನನ್ನ ಹೆಸರೇ ಇಲ್ಲ."

ಕೇಳಿ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ಈ ಪ್ರಶ್ನೆ ನನ್ನ ಮನೆಯದು ಮಾತ್ರ ಅಲ್ಲ. ಕೇಬಲ್ ಇಟ್ಕೊಳ್ಳೋದಾ, ತೆಗೆಸೋದಾ? ಓಟಿಟಿ ಸಾಕಾ? ಮದುವೆ ಮನೆಯಲ್ಲಿ ಸಿಕ್ಕವರು, ವಾಕಿಂಗ್‌ನಲ್ಲಿ ಸಿಕ್ಕವರು, ಎಲ್ಲರೂ ಕೇಳ್ತಾರೆ. ಟೀವಿಯಲ್ಲಿ ಕೂತವನಿಗೆ ಟೀವಿ ಬಗ್ಗೆ ಗೊತ್ತಿರುತ್ತೆ ಅನ್ನೋ ನಂಬಿಕೆ. ಉತ್ತರ ಹೇಳೋ ಮುಂಚೆ ಒಂದು ವಿಷಯ ಬಾಯಿಬಿಟ್ಟು ಹೇಳಿಬಿಡ್ತೀನಿ. ನನ್ನ ಸಂಬಳ ಬರೋದು ಟೀವಿ ಜಾಹೀರಾತಿನ ದುಡ್ಡಿಂದ. ಜಾಹೀರಾತು ಬರೋದು ಟಿಆರ್‌ಪಿ ನೋಡಿ. ನೀವೆಲ್ಲ ಕೇಬಲ್ ತೆಗೆಸಿದರೆ ಪೆಟ್ಟು ಬೀಳೋದು ನನ್ನ ಹೊಟ್ಟೆಗೂ ಹೌದು. ಆದ್ದರಿಂದ ನಾನು ಹೇಳೋದನ್ನ ಒಂದು ಚಿಟಿಕೆ ಅನುಮಾನ ಇಟ್ಕೊಂಡೇ ಓದಿ.

ಮೊದಲು ಕೇಬಲ್ ಬಿಲ್ ಹೇಗೆ ಆಗುತ್ತೆ ನೋಡೋಣ. ಯಾಕಂದ್ರೆ ಬಹಳ ಜನಕ್ಕೆ ಇದೇ ಗೊತ್ತಿಲ್ಲ. ಕೇಬಲ್‌ನವರು ಬಂದು ಮುನ್ನೂರು ಅಂದ್ರು, ಕೊಟ್ವಿ. ಮುನ್ನೂರೈವತ್ತು ಅಂದ್ರು, ಗೊಣಗಿಕೊಂಡು ಕೊಟ್ವಿ. ಯಾಕೆ ಅಂತ ಕೇಳಲಿಲ್ಲ.

1990ರ ದಶಕದ ಆರಂಭದಲ್ಲಿ ಕೇಬಲ್ ಅಂದ್ರೆ ಬೀದಿಯಲ್ಲಿ ಒಬ್ಬ ದೊಡ್ಡ ಡಿಶ್ ಹಾಕ್ತಿದ್ದ, ಮರದಿಂದ ಮರಕ್ಕೆ, ತಾರಸಿಯಿಂದ ತಾರಸಿಗೆ ಕಪ್ಪು ವೈರ್ ಎಳೀತಿದ್ದ, ಅಷ್ಟೇ. 1994ರಲ್ಲಿ ಉದಯ ಟೀವಿ ಬಂತು, ಕನ್ನಡದ ಮನೆಗಳಿಗೆ ಕೇಬಲ್ ಹಾಕಿಸಿಕೊಳ್ಳೋಕೆ ಒಂದು ಕಾರಣ ಸಿಕ್ತು. ಸರ್ಕಾರ 1995ರಲ್ಲಿ ಕೇಬಲ್ ಕಾಯ್ದೆ ತಂತು. ಆಮೇಲೆ ಡಿಜಿಟಲ್ ಆಯ್ತು, ಪೆಟ್ಟಿಗೆ ಬಂತು. ಬೆಂಗಳೂರು, ಮೈಸೂರಿಗೆ 2013ರಲ್ಲೇ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಆಯ್ತು. ಅಲ್ಲಿಯವರೆಗೂ ಒಂದು ಏರಿಯಾದಲ್ಲಿ ಎಷ್ಟು ಮನೆಗೆ ಕನೆಕ್ಷನ್ ಇದೆ ಅನ್ನೋದು ಆ ಆಪರೇಟರ್‌ಗೂ ದೇವರಿಗೂ ಮಾತ್ರ ಗೊತ್ತಿದ್ದ ಗುಟ್ಟು.

ನಿಮ್ಮ ಜೇಬಿಗೆ ನೇರ ಸಂಬಂಧ ಇರೋ ಬದಲಾವಣೆ ಬಂದಿದ್ದು 2019ರ ಫೆಬ್ರವರಿ 1ರಂದು. ಟ್ರಾಯ್ ತಂದ ಹೊಸ ದರ ಪದ್ಧತಿ. ಆವತ್ತಿಂದ ನಿಮ್ಮ ಬಿಲ್ಲಿನಲ್ಲಿ ಎರಡು ಭಾಗ. ಹೋಟೆಲ್ ಒಳಗೆ ಕಾಲಿಟ್ಟಿದ್ದಕ್ಕೆ ಒಂದು ರೇಟು, ತಿಂದಿದ್ದಕ್ಕೆ ಇನ್ನೊಂದು ರೇಟು ಅಂದಹಾಗೆ. ಒಳಗೆ ಕಾಲಿಟ್ಟಿದ್ದಕ್ಕೆ ಕೊಡೋದಕ್ಕೆ ನೆಟ್‌ವರ್ಕ್ ಕೆಪಾಸಿಟಿ ಫೀ ಅಂತ ಹೆಸರು. ಶುರುವಿನಲ್ಲಿ 100 ಚಾನೆಲ್‌ಗೆ 130 ರೂಪಾಯಿ, 2020ರಿಂದ ಅದೇ 130 ರೂಪಾಯಿಗೆ 200 ಚಾನೆಲ್. ಇದರಲ್ಲಿ ದೂರದರ್ಶನದ ಕಡ್ಡಾಯ ಚಾನೆಲ್‌ಗಳು, ಫ್ರೀ ಟು ಏರ್ ಚಾನೆಲ್‌ಗಳು ಬರ್ತವೆ. ಕನ್ನಡದ ಹಲವು ನ್ಯೂಸ್ ಚಾನೆಲ್‌ಗಳು ಈ ಲೆಕ್ಕದಲ್ಲೇ ಬಂದುಬಿಡ್ತವೆ. ನಾವು ಕಿರುಚೋದನ್ನ ಕೇಳೋಕೆ ಬೇರೆ ದುಡ್ಡು ಯಾರು ಕೊಡ್ತಾರೆ ಹೇಳಿ!

ಎರಡನೇ ಭಾಗ ಪೇ ಚಾನೆಲ್‌ಗಳದ್ದು. ಪ್ರತಿ ಚಾನೆಲ್‌ಗೂ ಒಂದು ಬೆಲೆ ಇದೆ. ಬೊಕೆ ಅಂತ ಕಟ್ಟು ಕಟ್ಟಿ ಕೊಡ್ತಾರಲ್ಲ, ಅದರೊಳಗೆ ಸೇರಿಸಬೇಕಾದ್ರೆ ಒಂದು ಚಾನೆಲ್‌ನ ಬೆಲೆ ತಿಂಗಳಿಗೆ 19 ರೂಪಾಯಿ ಮೀರುವಂತಿಲ್ಲ. ಬೊಕೆ ಮೇಲೆ ಚಾನೆಲ್ ಕಂಪನಿ ಶೇಕಡಾ 45ರವರೆಗೆ ರಿಯಾಯಿತಿ ಕೊಡಬಹುದು. ಹಾಗಾಗಿ ಬಿಡಿಬಿಡಿಯಾಗಿ ನಾಲ್ಕು ಚಾನೆಲ್ ಕೇಳಿದರೆ ಆಗೋ ದುಡ್ಡಿಗೂ ಹತ್ತು ಚಾನೆಲ್ ಇರೋ ಕಟ್ಟಿನ ದುಡ್ಡಿಗೂ ಅಷ್ಟೇನೂ ವ್ಯತ್ಯಾಸ ಕಾಣಲ್ಲ. ನಾವು ಕಟ್ಟೇ ತಗೋತೀವಿ. ಅವರಿಗೆ ಬೇಕಾಗಿದ್ದೂ ಅದೇ. ಅದರಲ್ಲಿರೋ ಆರು ಚಾನೆಲ್ ನಾವು ಜನ್ಮದಲ್ಲಿ ಹಾಕಲ್ಲ.

ಒಂದು ಲೆಕ್ಕ ಹಾಕೋಣ. ಕನ್ನಡದ ನಾಲ್ಕು ದೊಡ್ಡ ಮನರಂಜನೆ ಚಾನೆಲ್, ಒಂದು ಸ್ಪೋರ್ಟ್ಸ್ ಚಾನೆಲ್. ಒಂದೊಂದಕ್ಕೂ ಪೂರ್ತಿ 19 ರೂಪಾಯಿ ಅಂತಲೇ ಹಿಡೀರಿ. 95 ಆಯ್ತು. ಅದಕ್ಕೆ 130 ಸೇರಿಸಿ, 225. ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 265 ರೂಪಾಯಿ 50 ಪೈಸೆ. ಕನ್ನಡ ಮಾತ್ರ ನೋಡೋ ಮನೆಗೆ ಹಳೇ 130ರ ಲೆಕ್ಕದಲ್ಲಿ ಇಷ್ಟರೊಳಗೆ ಮುಗೀಬೇಕಿತ್ತು. ಆದ್ರೆ 2024ರ ಜುಲೈನಲ್ಲಿ ಟ್ರಾಯ್ ಆ 130ರ ಮಿತಿಯನ್ನೇ ತೆಗೆದುಹಾಕಿತು. ಪೈಪೋಟಿ ಇದೆ, ಕಂಪನಿಗಳೇ ದರ ಇಟ್ಕೊಳ್ಳಲಿ ಅಂತ. ಹಾಗಾಗಿ ಈಗ ಕೇಬಲ್‌ನವರನ್ನ ಕೇಳಬೇಕಾದ ಪ್ರಶ್ನೆ "ತಿಂಗಳಿಗೆ ಎಷ್ಟು?" ಅಲ್ಲ. "ನೆಟ್‌ವರ್ಕ್ ಫೀ ಎಷ್ಟು, ಚಾನೆಲ್ ದುಡ್ಡು ಎಷ್ಟು, ಬಿಲ್ ಕೊಡಿ" ಅಂತ ಕೇಳಿ. ಬೇಡದ ಬೊಕೆ ತೆಗೆಸಿ. ಅದು ನಿಮ್ಮ ಹಕ್ಕು. ಎಷ್ಟೋ ಮನೆಯಲ್ಲಿ ಕೇಬಲ್ ದುಬಾರಿ ಅನ್ನಿಸೋದಕ್ಕೆ ಕಾರಣ ಕೇಬಲ್ ಅಲ್ಲ, 2019ರಲ್ಲಿ ಯಾರೋ ಹಾಕಿಕೊಟ್ಟ ಪ್ಯಾಕ್ ಅನ್ನ ಇವತ್ತಿನವರೆಗೂ ಬಿಚ್ಚಿ ನೋಡದೆ ಇರೋದು.

ಈಗ ಆ ಕಡೆಗೆ ಬನ್ನಿ. ಓಟಿಟಿ ಅಗ್ಗ ಅಂತಾರೆ. ಹೌದಾ?

ನೆಟ್‌ಫ್ಲಿಕ್ಸ್ ನಮ್ಮ ದೇಶಕ್ಕೆ ಬಂದಿದ್ದು 2016ರ ಜನವರಿಯಲ್ಲಿ. 2021ರ ಡಿಸೆಂಬರ್‌ನಲ್ಲಿ ದರ ಇಳಿಸಿತು. ಮೊಬೈಲ್‌ಗೆ ಮಾತ್ರ ಆದ್ರೆ 149, ಟೀವಿಯಲ್ಲಿ ಒಂದು ಸ್ಕ್ರೀನ್‌ಗೆ 199, ಮೇಲೆ ಹೋದ್ರೆ 499, 649. ಅಮೆಜಾನ್ ಪ್ರೈಮ್ ವರ್ಷಕ್ಕೆ 1,499. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗ ಜಾಹೀರಾತು ಕಮ್ಮಿ ಇರೋ ಪ್ಲಾನ್‌ಗೆ ವರ್ಷಕ್ಕೆ 1,499 ಅಂತ ಹೇಳಿತು. ವರ್ಷದ್ದನ್ನ ತಿಂಗಳಿಗೆ ಒಡೆದರೆ ಒಂದೊಂದೂ ಸುಮಾರು 125. ಮೂರೂ ಸೇರಿ 450 ಹತ್ತಿರ ಬಂತು. ಇದಿಷ್ಟೂ ಓಡೋಕೆ ಇಂಟರ್ನೆಟ್ ಬೇಕಲ್ಲ? 399ರ ಫೈಬರ್ ಪ್ಲಾನ್ ಅಂದ್ರೂ ಜಿಎಸ್‌ಟಿ ಸೇರಿ 470 ದಾಟುತ್ತೆ. ಒಟ್ಟು ಒಂಬೈನೂರ ಇಪ್ಪತ್ತು.

"ಸಾರ್, ಇಂಟರ್ನೆಟ್ ಹೇಗಿದ್ರೂ ಮನೆಯಲ್ಲಿದೆ, ಮಗಳ ಓದಿಗೆ, ನನ್ನ ಕೆಲಸಕ್ಕೆ" ಅಂತೀರಾ? ಸರಿ, ಆಗ ಆ 470 ಬಿಡಿ. ನಿಮಗೆ ಓಟಿಟಿ ಲಾಭವೇ ಇರಬಹುದು. ಆದ್ರೆ ಟೀವಿಗೋಸ್ಕರವೇ ಹೊಸದಾಗಿ ಫೈಬರ್ ಹಾಕಿಸ್ತಾ ಇದ್ದೀರಿ ಅಂದ್ರೆ, ನಾವು ಅಮ್ಮನಿಗೆ ಮಾಡಿದ ಹಾಗೆ, ಆ ದುಡ್ಡನ್ನ ಟೀವಿ ಖಾತೆಗೇ ಬರೀಬೇಕು. ನಮ್ಮ ತಮ್ಮ ಇದನ್ನ ಇನ್ನೂ ಒಪ್ಪಿಲ್ಲ.

ಇನ್ನೂ ಒಂದು ಮಾತು. ಓಟಿಟಿ ದರಕ್ಕೆ ಟ್ರಾಯ್ ಲಗಾಮು ಇಲ್ಲ. ಇವತ್ತಿದ್ದ ಬೆಲೆ ನಾಳೆ ಇರಬೇಕು ಅಂತೇನಿಲ್ಲ, ಇವತ್ತಿದ್ದ ಸೌಲಭ್ಯವೂ ಅಷ್ಟೆ. 2023ರ ಐಪಿಎಲ್ ಜಿಯೋಸಿನಿಮಾದಲ್ಲಿ ಪುಕ್ಕಟೆ ಬಂತು, ಊರಿಗೆಲ್ಲ ಹಬ್ಬ. 2025ಕ್ಕೆ ಪುಕ್ಕಟೆ ಬರೋದು ಕೆಲವೇ ನಿಮಿಷ, ಆಮೇಲೆ ಪ್ಲಾನ್ ಬೇಕು. ಅಕ್ಕನ ಮನೆಯ ನೆಟ್‌ಫ್ಲಿಕ್ಸ್ ಪಾಸ್‌ವರ್ಡ್ ತಮ್ಮನ ಮನೆಯಲ್ಲಿ ಓಡ್ತಾ ಇತ್ತು, 2023ರ ಜುಲೈಗೆ ಅದಕ್ಕೂ ಕಲ್ಲು ಬಿತ್ತು. ಪ್ರೈಮ್‌ನಲ್ಲಿ 2025ರ ಜೂನ್‌ನಿಂದ ಸಿನಿಮಾ ನಡುವೆ ಜಾಹೀರಾತು, ಅದು ಬೇಡ ಅಂದ್ರೆ ವರ್ಷಕ್ಕೆ ಇನ್ನೂ 699 ಕೊಡಿ. ಜಾಹೀರಾತಿನ ಕಾಟ ತಡೆಯಲಾರದೆ ಕೇಬಲ್ ಬಿಟ್ಟವರ ಹಿಂದೆಯೇ ಜಾಹೀರಾತೂ ಚಪ್ಪಲಿ ಹಾಕ್ಕೊಂಡು ಬಂತು. ಟೀವಿಯಲ್ಲಿ ಗಂಟೆಗೆ 12 ನಿಮಿಷ ಮೀರಬಾರದು ಅಂತ ನಿಯಮವಾದರೂ ಇದೆ. ಪಾಲಿಸ್ತೀವಾ ಅಂತ ನನ್ನನ್ನ ಕೇಳಬೇಡಿ.

ದುಡ್ಡಿನ ಮಾತು ಇಲ್ಲಿಗೆ ಸಾಕು. ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು, ನಮ್ಮ ಮನೆಗಳಲ್ಲಿ ಟೀವಿ ಯಾರದ್ದು ಅನ್ನೋದು.

ಸಂಜೆ ಆರೂವರೆಗೆ ಶುರುವಾದ್ರೆ ಹತ್ತೂವರೆ ತನಕ ಧಾರಾವಾಹಿ ನೋಡೋ ಮನೆಗಳು ಕರ್ನಾಟಕದಲ್ಲಿ ಎಷ್ಟಿಲ್ಲ? ಅವರಿಗೆ ಓಟಿಟಿ ಅಂದ್ರೆ ಏನಾಗುತ್ತೆ ನೋಡಿ. ಜೀ ಕನ್ನಡದ ಧಾರಾವಾಹಿ ಜೀ ಫೈವ್‌ನಲ್ಲಿ. ಕಲರ್ಸ್ ಕನ್ನಡದ್ದೂ ಸ್ಟಾರ್ ಸುವರ್ಣದ್ದೂ ಜಿಯೋಹಾಟ್‌ಸ್ಟಾರ್‌ನಲ್ಲಿ. ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಕೇಬಲ್‌ನಲ್ಲಿ ಇವೆಲ್ಲ ಒಂದೇ ರಿಮೋಟ್‌ನ ನಾಲ್ಕು ನಂಬರ್. ಅಲ್ಲಿ ಮೂರು ಆ್ಯಪ್, ಮೂರು ಪಾಸ್‌ವರ್ಡ್, ಮೂರು ಬಿಲ್. ಒಂದರಿಂದ ಹೊರಗೆ ಬಂದು ಇನ್ನೊಂದರ ಒಳಗೆ ಹೋಗೋ ಅಷ್ಟರಲ್ಲಿ ಅತ್ತೆ ಸೊಸೆಗೆ ಹೇಳಬೇಕಾದ ಮಾತು ಹೇಳಿ ಮುಗಿಸಿರ್ತಾಳೆ! ಆದರೆ ಇನ್ನೊಂದು ಮುಖವೂ ಇದೆ. ಕೆಲಸಕ್ಕೆ ಹೋಗೋ ಹೆಣ್ಣುಮಗಳು ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದಿಟ್ಟು, ಎಂಟು ಗಂಟೆಯ ಧಾರಾವಾಹಿಯನ್ನ ತನಗೆ ಬೇಕಾದಾಗ ನೋಡ್ತಾಳಲ್ಲ, ಆ ಸ್ವಾತಂತ್ರ್ಯವನ್ನ ಕೇಬಲ್ ಕೊಡಲಿಲ್ಲ. ಎಂಟು ಗಂಟೆಗೆ ಅವಳು ಬಸ್ಸಿನಲ್ಲಿದ್ಲು.

ಕ್ರಿಕೆಟ್ಟಿಗೆ ಬರೋಣ. 2022ರಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು ಹರಾಜಾಯ್ತಲ್ಲ, ಟೀವಿ ಹಕ್ಕು ಹೋಗಿದ್ದು 23,575 ಕೋಟಿಗೆ. ಭಾರತದ ಡಿಜಿಟಲ್ ಹಕ್ಕಿನ ಎರಡು ಪ್ಯಾಕೇಜ್ ಸೇರಿ 23,758 ಕೋಟಿ. ಮೊಬೈಲು ಟೀವಿಯನ್ನ ದಾಟಿದ್ದು ಆವತ್ತು. ನನ್ನಂಥವರಿಗೆ ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ಅಂದ್ರೆ ಸುಳ್ಳಲ್ಲ. ಆದ್ರೆ ಲೈವ್ ಪಂದ್ಯದಲ್ಲಿ ಓಟಿಟಿಗೆ ಒಂದು ದೋಷ ಇದೆ. ಅದು ತಡವಾಗಿ ಬರುತ್ತೆ. ಮೈದಾನದ ಚಿತ್ರವನ್ನ ತುಂಡು ತುಂಡು ಮಾಡಿ, ಇಂಟರ್ನೆಟ್ ಮೂಲಕ ಕಳಿಸಿ, ನಿಮ್ಮ ಟೀವಿ ಅದರಲ್ಲಿ ಒಂದಷ್ಟನ್ನ ಮುಂಚೆಯೇ ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತೆ. ಕೇಬಲ್‌ಗಿಂತ ಎಷ್ಟೋ ಸೆಕೆಂಡ್ ಹಿಂದೆ. 2025ರ ಜೂನ್ 3ರ ಫೈನಲ್ ನೆನಪಿದೆಯಲ್ಲ? ಪಂಜಾಬ್‌ಗೆ ಕೊನೇ ಓವರ್‌ನಲ್ಲಿ 29 ಬೇಕಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಬಲ್ ಇದ್ದ ಕೆಳಗಿನ ಮನೆಯಲ್ಲಿ ಕೂಗು ಎದ್ದಾಗ ನಮ್ಮ ಟೀವಿಯಲ್ಲಿ ಹೇಜಲ್‌ವುಡ್ ಇನ್ನೂ ಓಡಿ ಬರ್ತಾ ಇದ್ದ. ಹದಿನೆಂಟು ವರ್ಷ ಕಾದವರು, ಕೊನೆಗೆ ಆರ್‌ಸಿಬಿ ಗೆದ್ದ ಸುದ್ದಿಯನ್ನ ಕೆಳಗಿನ ಮನೆಯವರ ಶಿಳ್ಳೆಯಿಂದ ತಿಳ್ಕೊಂಡ್ವಿ!

ಮಾಸಿಕ ಖರ್ಚೇ ಬೇಡ ಅನ್ನೋ ಮನೆಗೆ ಡಿಡಿ ಫ್ರೀ ಡಿಶ್ ಇದೆ. 2004ರಿಂದ ಇದೆ, ಆದ್ರೂ ಪಟ್ಟಣದವರಿಗೆ ನೆನಪಾಗಲ್ಲ. ಒಂದು ಸಲ ಡಿಶ್, ಬಾಕ್ಸ್ ತಗೊಂಡ್ರೆ ಮುಗೀತು. ಚಂದನ ಬರುತ್ತೆ. ರಾಷ್ಟ್ರೀಯ ಮಹತ್ವದ್ದು ಅಂತ ಗುರುತಿಸಿದ ಭಾರತದ ಪಂದ್ಯಗಳ ಸಿಗ್ನಲ್ ಅನ್ನ ಖಾಸಗಿಯವರು ದೂರದರ್ಶನಕ್ಕೆ ಕೊಡಲೇಬೇಕು ಅಂತ 2007ರ ಕಾಯ್ದೆ ಇದೆ. ಆದ್ರೆ ದೂರದರ್ಶನ ಅದನ್ನ ತನ್ನ ಆ್ಯಂಟೆನಾ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬೇಕು, ಕೇಬಲ್‌ನಲ್ಲಿ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದ್ರೆ ತಿಂಗಳಿಗೆ ಒಂದು ಪೈಸೆ ಕೊಡದ ಮನೆಯಲ್ಲಿ ಅಂಥ ಪಂದ್ಯ ದೂರದರ್ಶನದಲ್ಲೇ ಸಿಗುತ್ತೆ, ಮುನ್ನೂರು ಕೊಡೋ ಕೇಬಲ್ ಮನೆಯವರು ಸ್ಪೋರ್ಟ್ಸ್ ಚಾನೆಲ್‌ಗೆ ಬೇರೆ ಕೊಡಬೇಕು. ಆದ್ರೆ ಕನ್ನಡದ ದೊಡ್ಡ ಧಾರಾವಾಹಿ ಚಾನೆಲ್‌ಗಳು ಬೇಕು ಅನ್ನೋರಿಗೆ ಫ್ರೀ ಡಿಶ್ ಸಾಲಲ್ಲ.

ಇಂಟರ್ನೆಟ್ ಹೇಗಿದೆ ಅನ್ನೋದನ್ನ ನೋಡದೆ ಯಾರೂ ಕೇಬಲ್ ತೆಗೆಸಬೇಡಿ. ಎಚ್‌ಡಿ ಚಿತ್ರ ಗಂಟೆಗೆ 3 ಜಿಬಿ ತನಕ ನುಂಗುತ್ತೆ, ಫೋರ್ ಕೆ ಆದ್ರೆ 7 ಜಿಬಿ. ದಿನಕ್ಕೆ 2 ಜಿಬಿ ಬರೋ ಮೊಬೈಲ್ ಪ್ಲಾನನ್ನ ಹಾಟ್‌ಸ್ಪಾಟ್ ಮಾಡಿ ಟೀವಿಗೆ ಕೊಟ್ರೆ, ಎಚ್‌ಡಿಯಲ್ಲಿ ನಲವತ್ತು ನಿಮಿಷಕ್ಕೆ ಆಟ ಮುಗೀತು. ಫೈಬರ್ ಇದ್ರೆ ಈ ಚಿಂತೆ ಇಲ್ಲ, ದಿನಕ್ಕೆ ಐದು ಗಂಟೆ ಎಚ್‌ಡಿ ನೋಡಿದ್ರೂ ತಿಂಗಳಿಗೆ 450 ಜಿಬಿ. ಅನ್‌ಲಿಮಿಟೆಡ್ ಅನ್ನೋ ಹಲವು ಪ್ಲಾನ್‌ಗಳ ಮಿತಿ 3,300 ಜಿಬಿ. ಆದರೆ ಫೈಬರ್ ಇರೋದು ರಸ್ತೆಯ ಪಕ್ಕದಲ್ಲಿ. ನಮ್ಮಲ್ಲಿ ರಸ್ತೆ ಇರೋದೇ ಅಗೆಯೋದಕ್ಕೆ. ನೀರಿನವರು ಅಗೆದ್ರು, ನೆಟ್ ಹೋಯ್ತು. ಅಮ್ಮನ ಮನೆಯಲ್ಲಿ ಮೊದಲ ವಾರವೇ ಎರಡು ದಿನ ನೆಟ್ ಇರಲಿಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಹಿಂದಿಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ. ಕೇಬಲ್ ಹೋದ್ರೆ ಅಮ್ಮ ಫೋನ್ ಮಾಡ್ತಿದ್ದಿದ್ದು ಆ ಹುಡುಗನಿಗೆ. ಅವನು ಬೈಕಿನಲ್ಲಿ ಬರ್ತಿದ್ದ, ಕಾಫಿ ಕುಡೀತಿದ್ದ, ಸರಿ ಮಾಡಿ ಹೋಗ್ತಿದ್ದ.

ಆ ಹುಡುಗರ ಕಥೆಯೂ ಸುಲಭದ್ದಲ್ಲ. ಬೇರೆ ಒಪ್ಪಂದ ಇಲ್ಲದಿದ್ರೆ, ನೆಟ್‌ವರ್ಕ್ ಫೀನಲ್ಲಿ ಶೇಕಡಾ 55 ದೊಡ್ಡ ಕೇಬಲ್ ಕಂಪನಿಗೆ, 45 ಸ್ಥಳೀಯ ಆಪರೇಟರ್‌ಗೆ ಅನ್ನೋದು 2017ರ ನಿಯಮ. 130ರಲ್ಲಿ ಅವನಿಗೆ 58 ರೂಪಾಯಿ 50 ಪೈಸೆ. ಅದರಲ್ಲೇ ವೈರು, ಪೆಟ್ರೋಲು, ಹುಡುಗರ ಸಂಬಳ. ಬುದ್ಧಿವಂತರು ಅದೇ ಕಂಬದ ಮೇಲೆ ಈಗ ಇಂಟರ್ನೆಟ್ ವೈರೂ ಎಳೆದಿದ್ದಾರೆ. ನಿಮ್ಮ ಏರಿಯಾದಲ್ಲಿ ಅಂಥವರಿದ್ರೆ ಕೇಬಲ್, ನೆಟ್ ಎರಡಕ್ಕೂ ಸೇರಿಸಿ ಎಷ್ಟಕ್ಕೆ ಕೊಡ್ತೀಯಪ್ಪಾ ಅಂತ ಕೇಳಿ ನೋಡಿ. ಚೌಕಾಸಿಗೆ ಜಾಗ ಇರುತ್ತೆ. ಆ್ಯಪ್ ಜೊತೆ ಚೌಕಾಸಿ ಮಾಡೋಕಾಗಲ್ಲ.

ಕನ್ನಡದ ಲೆಕ್ಕ ಒಂದು ಬಾಕಿ ಇದೆ. 2020ರಲ್ಲಿ ಥಿಯೇಟರ್ ಮುಚ್ಚಿದಾಗ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ 'ಲಾ', 'ಫ್ರೆಂಚ್ ಬಿರಿಯಾನಿ' ನೇರವಾಗಿ ಪ್ರೈಮ್‌ಗೆ ಬಂದವು. ಇನ್ನೇನು ಕನ್ನಡಕ್ಕೆ ಹೊಸ ಬಾಗಿಲು ತೆರೀತು ಅಂತ ನಾವೆಲ್ಲ ಸ್ಟುಡಿಯೋದಲ್ಲಿ ಚರ್ಚೆ ಮಾಡಿದ್ವಿ. 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ಅವರ ಸಂಸ್ಥೆ 'ಏಕಂ' ಅನ್ನೋ ಕನ್ನಡ ವೆಬ್ ಸರಣಿಯನ್ನ ಕೊನೆಗೆ ತನ್ನದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯ್ತು, ದೊಡ್ಡ ಓಟಿಟಿಗಳು ತಗೊಳ್ಳಲಿಲ್ಲ. ಕೊರಿಯಾದ್ದು, ಸ್ಪೇನಿನದ್ದು ಎಲ್ಲ ಕೈಬೆರಳ ತುದಿಯಲ್ಲಿ ಸಿಗೋ ಜಾಗದಲ್ಲಿ ಕನ್ನಡದ ಹೊಸ ಸರಣಿ ಹುಡುಕಬೇಕು. ಬೆಳಗ್ಗೆಯಿಂದ ರಾತ್ರಿ ತನಕ ಕನ್ನಡದಲ್ಲೇ ಮಾತಾಡೋ ಡಬ್ಬ ಅಂದ್ರೆ ಈಗಲೂ ಕೇಬಲ್ ಟೀವಿಯೇ. ಅದರಲ್ಲಿ ಆಡೋ ಕನ್ನಡ ಹೇಗಿದೆ ಅನ್ನೋದು ಬೇರೆ ಚರ್ಚೆ, ಅದರಲ್ಲಿ ನಾನೂ ಆರೋಪಿ.

ಮಕ್ಕಳಿರೋ ಮನೆಯವರು ಇದೊಂದು ಮಾಡಿ. 2021ರ ನಿಯಮದ ಪ್ರಕಾರ ಓಟಿಟಿಯಲ್ಲಿ ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಇರಬೇಕು, 7+, 13+, 16+, ಎ ಅಂತ. 13+ ಮತ್ತು ಅದಕ್ಕೆ ಮೇಲಿನದ್ದಕ್ಕೆ ಬೀಗ ಹಾಕೋ ಸೌಲಭ್ಯ ಕೊಡಬೇಕು. ಕೊಟ್ಟಿದ್ದಾರೆ. ಬೀಗ ಹಾಕಬೇಕಾದವರು ನೀವು. ಆಟೋ ಪೇ ಬಗ್ಗೆಯೂ ಅಷ್ಟೆ, ದುಡ್ಡು ಕಟ್ ಆಗೋ 24 ಗಂಟೆ ಮುಂಚೆ ಬ್ಯಾಂಕಿನಿಂದ ಮೆಸೇಜ್ ಬರಬೇಕು ಅಂತ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಮೆಸೇಜನ್ನ ಲೋನ್ ಆಫರ್ ಅಂದ್ಕೊಂಡು ಡಿಲೀಟ್ ಮಾಡಬೇಡಿ. ಹೋದ ತಿಂಗಳು ಒಂದು ಗಂಟೆಯೂ ನೋಡದ ಆ್ಯಪ್‌ಗೆ ಈ ತಿಂಗಳು ದುಡ್ಡು ಯಾಕೆ? ನಿಲ್ಲಿಸಿ. ಒಳ್ಳೇ ಸಿನಿಮಾ ಬಂದಾಗ ಒಂದು ತಿಂಗಳಿಗೆ ಮತ್ತೆ ತಗೊಳ್ಳಿ. ಕೇಬಲ್‌ಗಿಂತ ಓಟಿಟಿಯಲ್ಲಿರೋ ದೊಡ್ಡ ಅನುಕೂಲ ಇದೇ, ಬಹಳ ಜನ ಬಳಸೋದೇ ಇಲ್ಲ.

ಹಾಗಾದ್ರೆ ನಾನು ಏನು ಮಾಡಿದೆ? ಬೆಂಗಳೂರಿನ ನಮ್ಮ ಮನೆಯಲ್ಲಿ ಕೇಬಲ್ ಇಲ್ಲ. ಹೆಂಡತಿ, ಮಕ್ಕಳು ಅದನ್ನ ನೋಡ್ತಾನೇ ಇರಲಿಲ್ಲ, ನಾನು ಮನೆಗೆ ಬಂದ ಮೇಲೆ ನ್ಯೂಸ್ ಹಾಕಿದ್ರೆ ಬೈಗುಳ. ನಮ್ಮ ಚಾನೆಲ್ ಹೇಗಿದ್ರೂ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತೆ. ಇನ್ನು ಊರಿನ ಮನೆ. ಆವತ್ತು ರಾತ್ರಿ ಅಮ್ಮನ ಜೊತೆ ಮಾತಾಡಿದ ಮೇಲೆ ಮಾರನೇ ದಿನ ಬೆಳಗ್ಗೆ ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. ಸ್ವಲ್ಪ ನಾಚಿಕೆಯಿಂದಲೇ ಕೇಳಿದೆ, "ಆ ಬಾಕ್ಸ್ ಬೇರೆಯವರಿಗೆ ಕೊಟ್ಬಿಟ್ಯಾ?"

"ಇಲ್ಲ ಸಾರ್, ಅಂಗಡೀಲೇ ಇಟ್ಟಿದೀನಿ. ಅಮ್ಮೋರು ವಾಪಸ್ ಕರೀತಾರೆ ಅಂತ ಗೊತ್ತಿತ್ತು" ಅಂದ.

ಮಧ್ಯಾಹ್ನದೊಳಗೆ ಹಾಕಿಕೊಟ್ಟ. ಕನ್ನಡದ ಚಾನೆಲ್ ಮಾತ್ರ ಇಟ್ಟು ಮಿಕ್ಕಿದ್ದೆಲ್ಲ ತೆಗೆಸಿದೆ, ಮೊದಲಿಗಿಂತ ಎಂಬತ್ತು ರೂಪಾಯಿ ಕಮ್ಮಿ ಆಯ್ತು. ಫೈಬರ್ ಹಾಗೇ ಇದೆ, ರಜಕ್ಕೆ ಮೊಮ್ಮಕ್ಕಳು ಬಂದಾಗ ಬೇಕಲ್ಲ. ಅಮ್ಮ ರಿಮೋಟ್‌ನ ಎರಡು ಬಟನ್ ಮೇಲೆ ಕೆಂಪು ನೇಲ್ ಪಾಲಿಷ್ ಚುಕ್ಕಿ ಇಟ್ಕೊಂಡಿದ್ದಾರೆ, ಒಂದು ಆನ್ ಮಾಡೋಕೆ, ಒಂದು ಕೇಬಲ್‌ಗೆ ಹೋಗೋಕೆ. ಸಂಜೆ ಚಂದನ, ಆಮೇಲೆ ಧಾರಾವಾಹಿ, ಒಂಬತ್ತಕ್ಕೆ ಮಗನ ಮುಖ. ತಮ್ಮ ಹೋದ ಸಲ ಊರಿಗೆ ಹೋದಾಗ, ಯಾರು ನೋಡ್ತಾ ಇರೋದು ಅಂತ ಕೇಳೋ ಜಾಗದಲ್ಲಿ ಅಮ್ಮನ ಹೆಸರನ್ನೂ ಸೇರಿಸಿ ಬಂದಿದ್ದಾನೆ. ಅದನ್ನ ಅವರು ಇವತ್ತಿನವರೆಗೂ ಒತ್ತಿಲ್ಲ.